ತಿಮು ಅಪೇಲು ಕಟ್ಟದ ಹಂದಿ

ಕ್ಷಮೆ ಕೇಳುವುದರಲ್ಲಿ ನಮ್ಮೂರಿನ ತಿಮು ಅಪೇಲುವನ್ನು ಮೀರಿಸಿದವರನ್ನು ನಾನು ಈ ದ್ವೀಪದಲ್ಲಿ ಕಂಡಿಲ್ಲ. ಕೂತವರ ಮುಂದೆ ಹಾದುಹೋಗುವಾಗ ಬೆನ್ನು ಬಾಗಿಸಿ 'ತುಲೋಉ' ಎಂದು ಅಪ್ಪಣೆ ಬೇಡುವುದು ಸಮೋವಾದ ಮಕ್ಕಳಿಗೆ ಮೊಲೆಹಾಲಿನ ಜೊತೆಗೇ ಬರುವ ಮರ್ಯಾದೆ. ಆದರೆ ನಾವೆಲ್ಲ ಸೊಂಟದ ಮಟ್ಟಕ್ಕೆ ಬಾಗಿ ಸರಸರ ದಾಟಿಬಿಡುತ್ತಿದ್ದರೆ, ತಿಮು ಆ ಭಾರಿ ದೇಹವನ್ನು ಮಂಡಿ ನೆಲಕ್ಕೆ ತಾಗುವಷ್ಟು ಕುಗ್ಗಿಸಿ, ಬಲಗೈಯ ಬೆರಳುಗಳನ್ನು ಚಾಪೆಯ ಮೇಲೆ ಎಳೆಯುತ್ತ, ಒಬ್ಬೊಬ್ಬರ ಮುಖಕ್ಕೂ ಒಂದೊಂದು ತುಲೋಉ ಅರ್ಪಿಸುತ್ತ, ಎಷ್ಟು ನಿಧಾನವಾಗಿ ಹಾದುಹೋಗುತ್ತಿದ್ದನೆಂದರೆ ಅಷ್ಟರಲ್ಲಿ ಎಲ್ಲರ ಮಾತೂ ನಿಂತು ಎಲ್ಲರ ಕಣ್ಣೂ ಅವನ ಮೇಲೆ ನೆಟ್ಟಿರುತ್ತಿದ್ದವು. ವಿನಯದಿಂದಲೂ ಇಷ್ಟೊಂದು ಜಾಗ ಹಿಡಿಯಬಹುದು ಎಂಬುದನ್ನು ನಾನು ಕಲಿತದ್ದು ಅವನನ್ನು ನೋಡಿ. ಸಂಬಂಧದಲ್ಲಿ ಅವನು ನನಗೆ ಅಣ್ಣ, ದೊಡ್ಡಪ್ಪನ ಮಗ.

ಅವನದು ಊರಿನ ವಾಗ್ಮಿಯ ಪದವಿ. ನಮ್ಮಲ್ಲಿ ಹಿರಿಯ ಮುಖ್ಯಸ್ಥರು ಸಭೆಯಲ್ಲಿ ಬಾಯಿ ಬಿಡುವುದಿಲ್ಲ. ಅವರ ಪರವಾಗಿ ಮಾತಾಡುವುದಕ್ಕೆಂದೇ ಬೇರೆ ಮುಖ್ಯಸ್ಥರಿದ್ದಾರೆ, ಅವರ ಕೈಯಲ್ಲಿ ಊರುಗೋಲು, ಹೆಗಲ ಮೇಲೆ ತೆಂಗಿನ ನಾರಿನ ಚಾಮರ. ತಿಮು ಮಾತಿಗೆ ಮೊದಲು ಚಾಮರವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿ ಹೆಗಲಿಗೆ ಒಗೆದು, ಕಣ್ಣು ಮುಚ್ಚಿ, "ನನ್ನ ಮಾತು ಚಿಕ್ಕದು" ಎನ್ನುತ್ತಿದ್ದ. ಹಾಗೆಂದನೆಂದರೆ ಹೆಂಗಸರು ಒಲೆಯಿಂದ ಮಡಕೆ ಇಳಿಸುವುದೇ ವಾಸಿ, ಅಷ್ಟು ದೀರ್ಘ ಭಾಷಣ ಕಾದಿರುತ್ತಿತ್ತು. ಸೊಂಟಕ್ಕೆ ಸುತ್ತುವ ಹೂವಿನ ಲಾವಲಾವದ ಮೇಲೆ ಅವನು ತೊಡುತ್ತಿದ್ದ ಕಪ್ಪು ಕೋಟು ಹಿಂದೊಮ್ಮೆ ಆಕ್ಲೆಂಡಿನಲ್ಲಿ ಬಸ್ಸು ಓಡಿಸುತ್ತಿದ್ದ ಕಾಲದ್ದು. ಎದೆಯ ಮೇಲಿನ ಬಿಲ್ಲೆಯನ್ನು ಕಿತ್ತಿದ್ದರೂ ಅದು ಇದ್ದ ಜಾಗ ಮಾತ್ರ ಬಿಸಿಲು ಕಾಣದೆ ಗಾಢವಾಗಿ ಉಳಿದಿತ್ತು. ಬೆವರು ಧಾರಾಕಾರ ಸುರಿದರೂ ಅವನು ಆ ಕೋಟು ಬಿಚ್ಚಿದವನಲ್ಲ.

ಅವನ ಕಪ್ಪು ಹೆಣ್ಣುಹಂದಿಯ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಪಕ್ಕದ ಮನೆ ಲೂಪೆಯದು. ಬೇರೆ ಊರಿನಿಂದ ಸೊಸೆಯಾಗಿ ಬಂದವಳು, ಮಾತು ಕಡಿಮೆ, ಕೈ ಮಾತ್ರ ಸದಾ ಮಣ್ಣಿನಲ್ಲಿ. ಅವಳು ಬೆಳೆಸಿದ ಕೆಸುವಿನ ತೋಟವನ್ನು ತಿಮುವಿನ ಹಂದಿ ಒಂದು ಬೆಳಿಗ್ಗೆ ಅಗೆದುಹಾಕಿತು. ತಿಮು ಕೋಟು ತೊಟ್ಟು, ಚಾಮರ ಹಿಡಿದು, ದೀವಿಹಲಸಿನ ಬುಟ್ಟಿ ಹೊರಿಸಿಕೊಂಡು ಬಂದು ಅವಳ ಅಂಗಳದಲ್ಲಿ ಕೂತ. ಲೂಪೆಯ ತವರಿನ ಪೂರ್ವಜರು ಬಂದ ದೋಣಿಯಿಂದ ಹಿಡಿದು ಅವಳ ಅತ್ತೆಯ ಕೈಯ ನೇಯ್ಗೆಯವರೆಗೆ ಎಲ್ಲವನ್ನೂ ಕೊಂಡಾಡಿ, ತನ್ನ ಮನೆತನದ ಮಾನ ಒಂದು ಹಂದಿಯ ಮೂತಿಯಿಂದ ಮಣ್ಣಾಯಿತೆಂದು ಕಣ್ಣೀರಿಟ್ಟ. ಅತ್ತೆ ಅತ್ತಳು. ಕೊನೆಗೆ ಅಳಿದುಳಿದ ಕೆಸುವಿನ ಗಡ್ಡೆಯನ್ನು ಬುಟ್ಟಿಗೆ ತುಂಬಿ ಲೂಪೆಯೇ ಅವನಿಗೆ ಎದುರುಡುಗೊರೆ ಕೊಡಬೇಕಾಯಿತು.

"ಹಂದಿ ಕಟ್ಟಿಹಾಕ್ತೀಯಾ ಮಾವ?" ಎಂದಷ್ಟೇ ಕೇಳಿದಳು. ಊರಿನ ಹಿರಿಯರನ್ನೆಲ್ಲ ಅವಳು ಮಾವ, ಅತ್ತೆ ಎಂದೇ ಕರೆಯುತ್ತಿದ್ದಳು.

"ಕಟ್ಟೋದೇನು ಮಗಳೇ, ಬೇಲೀನೇ ಹಾಕಿಸ್ತೀನಿ."

ಮುಂದಿನ ವಾರ ಹಂದಿ ಮತ್ತೆ ತೋಟದಲ್ಲಿತ್ತು. ತಿಮು ಮತ್ತೆ ಬಂದ. ಈ ಸಲದ ಮಾತು ಹಿಂದಿನದಕ್ಕಿಂತಲೂ ಚೆಂದವಿತ್ತು ಎಂದು ಊರೇ ಹೊಗಳಿತು. ಅತ್ತಿಗೆ ಮಾತ್ರ ನನ್ನ ಕಿವಿಯಲ್ಲಿ, "ಒಂದು ಹಗ್ಗ ತರೋಕಾಗಲ್ಲ ನೋಡು ನಿಮ್ಮಣ್ಣಂಗೆ, ಹತ್ತು ಗಾದೆ ತರ್ತಾರೆ" ಎಂದಳು.

ಆಮೇಲೆ ದಡಾರದ ವರ್ಷ ಬಂತು. ಮಕ್ಕಳು ಸಾಯತೊಡಗಿದ್ದವು. ಲಸಿಕೆ ಕಡ್ಡಾಯವೆಂದು ಸರ್ಕಾರ ಆಜ್ಞೆ ಹೊರಡಿಸಿತು. ಊರಿನ ಆರೋಗ್ಯ ನೋಡಿಕೊಳ್ಳುವುದು ನಮ್ಮಲ್ಲಿ ಹೆಂಗಸರ ಸಮಿತಿಯ ಕೆಲಸವಾದ್ದರಿಂದ ನಾವು ಮನೆಮನೆಗೆ ಹೇಳಿಬರಲು ಹೊರಟೆವು. ತಿಮುವಿನ ಮನೆಗೆ ನಾನೇ ಹೋದೆ.

"ಅಣ್ಣಾ, ನಾಳೆ ನರ್ಸುಗಳು ಬರ್ತಾರೆ. ಮೊಮ್ಮಕ್ಕಳನ್ನ ಕರ್ಕೊಂಡು ಬಾ."

"ನನ್ನ ಮಾತು ಚಿಕ್ಕದು ತಂಗೀ. ಹೋದ ವರ್ಷ ಎರಡು ಕೂಸು ಸೂಜಿ ಚುಚ್ಚಿದ ಜಾಗದಲ್ಲೇ ಹೋದ್ವಲ್ಲ, ಅದು ಸರ್ಕಾರದ ಸೂಜಿ ತಾನೆ? ಅದೇ ಸರ್ಕಾರ ಈಗ ಬಂದು ಚುಚ್ಚಿಸ್ಕೋ, ಇಲ್ಲಾಂದ್ರೆ ಕಾನೂನು ಇದೆ ಅಂತಿದೆ. ಹೆದರಿಕೆಗೆ ಕಾನೂನು ಮದ್ದಾಗುತ್ತಾ?"

ಪ್ರಶ್ನೆ ನ್ಯಾಯವಾದದ್ದೇ. ಆ ಎರಡು ಕೂಸುಗಳು ಸತ್ತದ್ದು ನಿಜ. ಲಸಿಕೆಯಿಂದಲ್ಲ, ಅದಕ್ಕೆ ಬೆರೆಸಬೇಕಾದ ನೀರಿನ ಬದಲು ತಪ್ಪಿ ಬೇರೆ ಔಷಧ ಬೆರೆಸಿದ್ದರಿಂದ. ಆದರೆ ಆ ಸುದ್ದಿ ಕೇಳಿದ ದಿನದಿಂದ ನಮ್ಮೆಲ್ಲರ ಎದೆಯಲ್ಲೂ ಅಳುಕು ಕೂತಿತ್ತು, ಅದನ್ನು ತೆಗೆಯುವ ತಾಳ್ಮೆ ಯಾವ ಅಧಿಕಾರಿಗೂ ಇರಲಿಲ್ಲ. ತಿಮು ಅಲ್ಲಿಗೇ ನಿಲ್ಲಿಸಿದ್ದರೆ ನಾನು ಅವನ ಪಕ್ಕ ಕೂತು ಮೆಲ್ಲಗೆ ಒಲಿಸುತ್ತಿದ್ದೆ. ಆದರೆ ಅಷ್ಟರಲ್ಲಿ ಅಕ್ಕಪಕ್ಕದವರು ಬಂದು ನಿಂತಿದ್ದರು, ಕೇಳುವವರಿದ್ದಾರೆಂದರೆ ಅವನ ಕೈ ತಾನಾಗಿ ಚಾಮರಕ್ಕೆ ಹೋಗುತ್ತದೆ. ಎದ್ದು ನಿಂತು ಕಂಬ ಮುಟ್ಟಿ ಹೇಳಿದ: "ನನ್ನ ಮನೆ, ನನ್ನ ಮಕ್ಕಳು, ನನ್ನ ತೀರ್ಮಾನ. ಈ ಕಂಬದಿಂದ ಈಚೆಗೆ ದೇವರು, ಆಚೆಗೆ ಸರ್ಕಾರ." ಜನ ತಲೆದೂಗಿದರು. ಗೋಡೆಯೇ ಇಲ್ಲದ, ನಾಲ್ಕೂ ಕಡೆಯಿಂದ ಗಾಳಿ ನುಗ್ಗುವ ನಮ್ಮ ಮನೆಗಳಲ್ಲಿ ನಿಂತು ಒಬ್ಬ ಮನುಷ್ಯ ಈಚೆ ಆಚೆ ಎಂದು ಗೆರೆ ಎಳೆಯುತ್ತಿದ್ದಾನಲ್ಲ ಎಂದು ನನಗೆ ರೇಗಿತು.

ಲಸಿಕೆ ಆಗದವರಿರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಬೇಕು, ನರ್ಸುಗಳ ಗಾಡಿ ಅದನ್ನು ನೋಡಿ ನಿಲ್ಲುತ್ತದೆ ಎಂದು ರೇಡಿಯೋದಲ್ಲಿ ಹೇಳಿದರು. ತಿಮು ಕಟ್ಟಲಿಲ್ಲ. ಸಾಲದೆಂದು, ಅತ್ತಿಗೆಯ ಕೆಂಪು ಉಡುಪನ್ನು ಹಗ್ಗದ ಮೇಲೆ ಒಣಹಾಕಲೂ ಬಿಡಲಿಲ್ಲ, ಗಾಡಿಯವರು ತಪ್ಪು ತಿಳಿದಾರೆಂದು. ಆ ದಿನಗಳಲ್ಲಿ ಅತ್ತಿಗೆಯ ಬಟ್ಟೆ ಅಡುಗೆ ಚಪ್ಪರದ ಹೊಗೆಯಲ್ಲಿ ಒಣಗಿತು. ಗಾಡಿ ಅವನ ಮನೆಯನ್ನು ದಾಟಿ ಲೂಪೆಯ ಮನೆಯ ಮುಂದೆ ನಿಂತಿತು.

ಲೂಪೆ ತನ್ನ ಕೂಸು ಫೆತುವಿಗಾಗಿ ಕೆಂಪು ಬಟ್ಟೆ ಕಟ್ಟಿದ್ದಳು. ನಾನು ಅವಳ ಜೊತೆಗಿದ್ದೆ. ನರ್ಸು ಕೂಸಿನ ಕೆನ್ನೆ ಸವರಿ, "ಇವನಿನ್ನೂ ನಾಲ್ಕು ತಿಂಗಳೋನು ಕಣಮ್ಮ. ಆರಾಗದೆ ಹಾಕೋ ಹಾಗಿಲ್ಲ" ಎಂದಳು.

"ಅಲ್ಲೀತನಕ?"

"ಅಲ್ಲೀತನಕ ಸುತ್ತಮುತ್ತ ಇರೋರು ಹಾಕಿಸ್ಕೊಂಡಿದ್ರೆ ಅದೇ ಇವನಿಗೆ ಕಾವಲು."

ಲೂಪೆ ಪಕ್ಕದ ಮನೆಯ ಕಡೆ ನೋಡಿದಳು. ಕೆಂಪು ಬಟ್ಟೆಯನ್ನು ಬಿಚ್ಚಲಿಲ್ಲ.

ತಿಮುವಿನ ದೊಡ್ಡ ಮೊಮ್ಮಗಳಿಗೆ ಫೆತು ಎಂದರೆ ಜೀವ. ತನ್ನ ಮೈ ಬೆಚ್ಚಗಾಗುವ ಮುಂಚಿನ ಸಂಜೆಯೂ ಅವಳು ಅವನನ್ನು ಸೊಂಟಕ್ಕೆ ಏರಿಸಿಕೊಂಡು ಕಡಲದಂಡೆಯಲ್ಲಿ ಸುತ್ತಿಸಿದ್ದಳು. ಆಮೇಲೆ ಆ ಮನೆಯ ಮಕ್ಕಳೆಲ್ಲ ಒಂದೊಂದಾಗಿ ಮಲಗಿದವು; ತಿಮು ತೆಂಗಿನೆಣ್ಣೆ ತಿಕ್ಕಿಸಿದ, ಎಲೆಯ ಕಷಾಯ ಕುಡಿಸಿದ, ಪ್ರಾರ್ಥಿಸಿದ; ಮಕ್ಕಳು ಎದ್ದವು. ಭಾನುವಾರ ಕೃತಜ್ಞತೆಯ ಊಟಕ್ಕೆಂದು ಹಂದಿ ಕೊಯ್ಯಿಸಿದ. ಕಪ್ಪು ಹಂದಿಯನ್ನಲ್ಲ, ಅದು ಊರು ಸುತ್ತಿಕೊಂಡೇ ಇತ್ತು. ಬಿಸಿಗಲ್ಲಿನ ಒಲೆಯಿಂದ ಮಾಂಸ ತೆಗೆಯುತ್ತಿದ್ದ ಹೊತ್ತಿಗೆ, ಉಸಿರು ಎಳೆಯಲಾರದ ಫೆತುವನ್ನು ಲೂಪೆ ಆಸ್ಪತ್ರೆಗೆ ಎತ್ತಿಕೊಂಡು ಹೋದಳು. ಬರುವಾಗ ಅವಳ ಕೈಯಲ್ಲಿದ್ದುದು ಬಿಳಿ ಬಟ್ಟೆಯ ಗಂಟು.

ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ತುಂಬಲಾರದ ಕೇಡಾದಾಗ ಇಫೋಗಾ ಮಾಡುತ್ತಾರೆ. ತಪ್ಪಿತಸ್ಥರು ಬೆಳಕು ಹರಿಯುವ ಮೊದಲೇ ನೊಂದವರ ಅಂಗಳಕ್ಕೆ ಬಂದು, ತಮ್ಮ ಮನೆಯ ಅತ್ಯಂತ ಹಳೆಯ, ರೇಷ್ಮೆಯಂಥ ಕೇದಗೆ ಚಾಪೆಯನ್ನು ಹೊದ್ದು, ತಲೆ ತಗ್ಗಿಸಿ ಕೂರುತ್ತಾರೆ. ಒಳಗಿನವರು ಬಂದು ಚಾಪೆ ಎತ್ತಿದರೆ ಕ್ಷಮೆ, ಕತ್ತಿ ಎತ್ತಿದರೆ ಅದೂ ನ್ಯಾಯವೇ. ಚಾಪೆ ಎತ್ತಿದ ಮೇಲೆ ಆ ಮಾತನ್ನು ಯಾರೂ ಇನ್ನು ಮುಂದೆ ಎತ್ತುವ ಹಾಗಿಲ್ಲ. ಕಾಯಿಲೆಗೆ ಇಫೋಗಾ ಉಂಟೇ ಎಂದು ಕೆಲವರು ಅನುಮಾನಿಸಿದರು, ತಿಮು ಕೇಳಲಿಲ್ಲ. ಕೋಟು ಬಿಚ್ಚಿಟ್ಟು, ಬರಿಮೈಯಲ್ಲಿ ಬಂದು, ಲೂಪೆಯ ಅಂಗಳದಲ್ಲಿ ಚಾಪೆಯ ಕೆಳಗೆ ಕೂತ. ಕಂಬಕ್ಕೆ ಕಟ್ಟಿದ ಕೆಂಪು ಬಟ್ಟೆ ಇನ್ನೂ ಅಲ್ಲೇ ಇತ್ತು. ಅವನ ಹೆಗಲು ಚಾಪೆಯೊಳಗೆ ಅದುರುತ್ತಿತ್ತು. ಅದು ನಟನೆಯಲ್ಲ, ಆ ಅಳು ನಿಜವಾದದ್ದೆಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಲೂಪೆಯ ಮಾವ, ಅವಳ ಗಂಡನ ತಂದೆ, ಬಂದು ಚಾಪೆ ಎತ್ತಿದ. ಎರಡೂ ಮನೆಯ ಗಂಡಸರು ತಬ್ಬಿಕೊಂಡರು, ಭಾಷಣಗಳಾದವು, ಇಷ್ಟು ಗಂಭೀರವಾದ ಇಫೋಗಾವನ್ನು ತಾನು ಕಂಡಿರಲಿಲ್ಲವೆಂದು ಪಾದ್ರಿ ಹೇಳಿದ. ಕ್ಷಮೆ ಪಡೆದವರನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದಲ್ಲ. ನಾನು ಹಿತ್ತಲಿಗೆ ಹೋದಾಗ ಲೂಪೆ ಕೂತು ಅವರೆಲ್ಲರ ಊಟಕ್ಕೆ ತೆಂಗಿನಕಾಯಿ ತುರಿಯುತ್ತಿದ್ದಳು. ಎದೆಹಾಲು ಸೋರಿ ಅವಳ ರವಿಕೆ ಒದ್ದೆಯಾಗಿತ್ತು.

"ಯಾರೂ ನನ್ನ ಕೇಳಲಿಲ್ಲ ಅತ್ತೆ," ಎಂದಳು. "ಚಾಪೆ ಎತ್ತೋಣವಾ ಅಂತ."

ನಾನು ಇನ್ನೊಂದು ತುರಿಮಣೆ ಎಳೆದುಕೊಂಡು ಕೂತೆ.

ಎರಡು ವರ್ಷ ಕಳೆಯಿತು. ತಿಮುವಿನ ಕೋಟು ಮೈಗೆ ಮರಳಿತ್ತು, ಅವನ ಕೀರ್ತಿ ಹಿಂದಿಗಿಂತ ಬೆಳೆದಿತ್ತು. ಬೇರೆ ಊರಿನವರೂ ಬಂದು ತಮ್ಮ ಜಗಳಗಳಿಗೆ ಇವನಿಂದ ಕ್ಷಮೆಯ ಮಾತು ಬರೆಸಿಕೊಂಡು ಹೋಗುತ್ತಿದ್ದರು. ಅವನ ಕಿರಿಯ ಮಗಳು ಪೇಟೆಯಿಂದ ತನ್ನ ಮಗುವನ್ನು ಕರೆದುಕೊಂಡು ಬಂದು ನೆಲೆಸಿದಳು. ನಡೆಯಲು ಕಲಿತ ಮಗು, ಒಂದು ಸೂಜಿಯೂ ಆಗಿರಲಿಲ್ಲ. ಪಕ್ಕದ ಮನೆಯಲ್ಲಿ ಲೂಪೆಗೆ ಹೆಣ್ಣು ಹುಟ್ಟಿತ್ತು, ಮತ್ತೆ ಅದೇ ಸೂಜಿಗೆ ಸಾಲದ ವಯಸ್ಸು. ದಡಾರ ಮತ್ತೊಂದು ದ್ವೀಪದಲ್ಲಿ ಕಾಣಿಸಿಕೊಂಡಿದೆಯೆಂಬ ಗಾಳಿಮಾತು ಬಂದಿತ್ತು. ಲಸಿಕೆಯಾಗದ ಮಕ್ಕಳನ್ನು ಭಾನುವಾರದ ಶಾಲೆಗೂ ನೆರೆಮನೆಗೂ ಬಿಡಬಾರದೆಂದು ಊರೇ ಒಂದು ಕಟ್ಟಳೆ ಮಾಡಲೆಂದು ನಮ್ಮ ಸಮಿತಿ ಕೇಳಿತು. ಮುಖ್ಯಸ್ಥರು ಸಭೆ ಕರೆದರು, ಹೆಂಗಸರಿಗೂ ಅಂಚಿನಲ್ಲಿ ಜಾಗ ಕೊಟ್ಟರು. ಲೂಪೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕ ಕೂತಿದ್ದಳು.

ತಿಮು ಎದ್ದ. ಚಾಮರ ಎಡಕ್ಕೆ ಬೀಸಿತು, ಬಲಕ್ಕೆ ಬೀಸಿತು. "ನನ್ನ ಮಾತು ಚಿಕ್ಕದು. ಈ ಊರಲ್ಲಿ ಹಗ್ಗ ಹಾಕಿ ಯಾರನ್ನೂ ಎಳೆದದ್ದಿಲ್ಲ. ನಮ್ಮಲ್ಲಿ ತಪ್ಪಾದ್ರೆ ಕೇಳ್ಕೊಳ್ಳೋ ಬಾಯಿದೆ, ಮನ್ನಿಸೋ ಮನಸ್ಸಿದೆ. ನಾನು ಚಾಪೆ ಕೆಳಗೆ ಕೂತೋನು, ಆ ಮನಸ್ಸು ಎಷ್ಟು ದೊಡ್ಡದು ಅಂತ ನಂಗೆ ಗೊತ್ತು. ಅಂಥಾ ಊರಿಗೆ ಕಟ್ಟಳೆ ಯಾಕೆ ಬೇಕು?"

ಚಾಪೆಯ ಮಾತನ್ನು ಅವನೇ ಎತ್ತಿದ್ದ. ಮಿಕ್ಕವರು ಎತ್ತುವ ಹಾಗಿರಲಿಲ್ಲ. ಸತ್ತ ಕೂಸಿನ ಹೆಸರು ಯಾರ ನಾಲಿಗೆಯ ಮೇಲೂ ಬರಲಾರದಾಗಿತ್ತು. ಲೂಪೆಯ ಮಾವ ನೆಲ ನೋಡುತ್ತಿದ್ದ. ಆಗ ಲೂಪೆ, ಸಭೆಯಲ್ಲಿ ಎಂದೂ ಬಾಯಿ ತೆರೆಯದವಳು, ಕೂತಲ್ಲಿಂದಲೇ ಕೇಳಿದಳು:

"ಹಂದಿ ಕಟ್ಟಿಹಾಕಿದ್ಯಾ ಮಾವ?"

ಅವಳು ಏನು ಕೇಳುತ್ತಿದ್ದಾಳೆಂದು ಅರ್ಥವಾಗದವರು ಅಲ್ಲಿ ಯಾರೂ ಇರಲಿಲ್ಲ. ಒಂದು ಕ್ಷಣ, ಒಂದೇ ಕ್ಷಣ, ತಿಮುವಿನ ಮುಖದಲ್ಲಿ ಮಾತಿಲ್ಲದ ಮನುಷ್ಯನೊಬ್ಬ ಕಾಣಿಸಿಕೊಂಡ. ಮರುಗಳಿಗೆ ಆ ಭಾರಿ ದೇಹ ಕುಗ್ಗಿತು, ಮಂಡಿ ನೆಲಕ್ಕೆ ತಾಗಿತು, ಬೆರಳುಗಳು ಚಾಪೆಯ ಮೇಲೆ ಎಳೆದುಕೊಂಡು ಬಂದವು.

"ತಪ್ಪಾಯ್ತು ಮಗಳೇ," ಎಂದ. "ಮತ್ತೆ ನಿನ್ ತೋಟಕ್ಕೆ ನುಗ್ಗಿತಾ? ಆ ಮೂತಿ ಹಂದೀದಲ್ಲ, ನಂದೇ ಅಂತ ತಿಳ್ಕೊ. ಹೊಡಿ ನನ್ನ."

ಯಾರೋ ನಕ್ಕರು. ನಗು ಒಬ್ಬರಿಂದೊಬ್ಬರಿಗೆ ಹಬ್ಬಿತು, ಎಲ್ಲರ ಎದೆಯೂ ಹಗುರವಾಯಿತು, ಕಾವಾ ಎಂಬ ಬೇರಿನ ಪಾನೀಯದ ಬಟ್ಟಲು ಸುತ್ತು ಬಂತು. ಕಟ್ಟಳೆಯ ವಿಷಯವನ್ನು ಮುಂದಿನ ಸಭೆಗೆ ಇಟ್ಟುಕೊಂಡರು. ಮುಂದಿನ ಸಭೆಯಲ್ಲಿ ಪ್ರಾರ್ಥನಾಮಂದಿರದ ಸೂರಿನ ಮಾತಾಯಿತು.

ಲೂಪೆ ಆ ವಾರವೇ ಕೂಸನ್ನು ಕಟ್ಟಿಕೊಂಡು ತವರಿಗೆ ಹೋದಳು. ಬಸ್ಸು ಹತ್ತಿಸಲು ಹೋದ ನನಗೆ, "ಸೂಜಿ ಆದ್ಮೇಲೆ ಬರ್ತೀನಿ ಅತ್ತೆ" ಎಂದಳು. ಬರಲಿಲ್ಲ. ಗಂಡನೂ ಅವಳ ಹಿಂದೆ ಹೋದ. ಕೆಸುವಿನ ತೋಟದಲ್ಲಿ ಕಪ್ಪು ಹಂದಿ ಈಗ ಮರಿಗಳ ಸಮೇತ ಓಡಾಡುತ್ತದೆ. ಕ್ಷಮೆ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲವಾದ್ದರಿಂದ ತಿಮು ಆ ಕಡೆ ಬರುವುದನ್ನು ಬಿಟ್ಟಿದ್ದಾನೆ.

ಅವನನ್ನು ಕೆಟ್ಟವನೆನ್ನಲು ನನ್ನ ನಾಲಿಗೆ ಇವತ್ತಿಗೂ ಏಳುವುದಿಲ್ಲ. ಕೆಟ್ಟವನಾಗಿದ್ದರೆ ಊರು ಎಂದೋ ಅವನಿಗೆ ಬುದ್ಧಿ ಕಲಿಸುತ್ತಿತ್ತು. ಇಂಥವರು ಎಲ್ಲ ಊರಲ್ಲೂ ಇದ್ದಾರೆ: ತೀರ್ಮಾನ ನಮ್ಮದು ಎಂದು ಎದೆ ತಟ್ಟಿ ಹೇಳುವವರು, ಅದರ ಫಲ ಪಕ್ಕದ ಮನೆಯಲ್ಲಿ ಬಿದ್ದಾಗ ಮನಸಾರೆ ಅಳುವವರು, ಅತ್ತು ಮುಗಿದ ಮೇಲೆ ಅದೇ ತೀರ್ಮಾನಕ್ಕೆ ಮರಳುವವರು. ಅವರ ಬೆನ್ನು ಎಷ್ಟು ಸುಲಭವಾಗಿ ಬಾಗುತ್ತದೆಂದರೆ ಬಾಗಿದ್ದನ್ನೇ ನಾವು ಬದಲಾದದ್ದು ಎಂದುಕೊಂಡುಬಿಡುತ್ತೇವೆ. ಕ್ಷಮೆಯನ್ನು ಅವರು ಹಬ್ಬದೂಟದಂತೆ ಉಂಡು, ಹರಸಿ, ಕೈ ತೊಳೆದು ಎದ್ದುಹೋಗುತ್ತಾರೆ. ಅವರು ಉಂಡ ಎಲೆ ಎತ್ತುವವಳು ಮಾತ್ರ ಯಾವಾಗಲೂ ಒಬ್ಬ ಲೂಪೆ.