ಒಂದು ಮೈಲಿಯೊಳಗೆ

ನನ್ನ ಗಂಡನಿಗೆ ಬಸ್ ಓಡಿಸುವುದು ಹೊಟ್ಟೆಪಾಡು, ಕಥೆ ಕಟ್ಟುವುದು ಹುಚ್ಚು. ವಾರದ ರಜೆಯ ಮಧ್ಯಾಹ್ನ ನಮ್ಮ ಗಾಜಿನ ಅಂಗಡಿಯ ಶಟರ್ ಇಳಿದಿರುತ್ತದೆ. ಹಿಂದಿನ ಕೋಣೆಯಲ್ಲಿ, ಗಾಜು ಕೊಯ್ಯುವ ಮೇಜಿನ ಸುತ್ತ ನಾವು ನಾಲ್ವರು ಕೂರುತ್ತೇವೆ. ಅವರು ಕಥೆ ಹೇಳುತ್ತಾರೆ, ನಾವು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತೇವೆ, ಬದುಕುವುದೋ ಸಾಯುವುದೋ ದಾಳ ಹೇಳುತ್ತದೆ. ನಾನು ಕತ್ತಿ ಹಿಡಿದವಳು. ಪಕ್ಕದ ಸಲೂನಿನವನು ಮಂತ್ರವಾದಿ. ಪ್ರತಿ ವಾರ ಸಾಯುತ್ತಾನೆ, ಮುಂದಿನ ವಾರ ಇನ್ನೊಂದು ನಮೂನೆಯ ಗಡ್ಡದ ಮಂತ್ರವಾದಿಯಾಗಿ ನಾಚಿಕೆಯಿಲ್ಲದೆ ಬಂದು ಕೂರುತ್ತಾನೆ. ನನ್ನ ತಂಗಿ ರೇಂಜರ್, ಅಂದರೆ ಕಾಡು ಕಾಯುವವಳು.

ರೇಂಜರ್‌ಗೆ ಒಂದು ಶಕ್ತಿಯಿದೆ. ಕಣ್ಣು ಮುಚ್ಚಿ ಮನಸ್ಸು ನಿಲ್ಲಿಸಿದರೆ, ಸುತ್ತ ಒಂದು ಮೈಲಿಯೊಳಗೆ ಪ್ರೇತ ಇದೆಯಾ, ಪಿಶಾಚಿ ಇದೆಯಾ, ಡ್ರ್ಯಾಗನ್ ಇದೆಯಾ ಎಂದು ತಿಳಿಯುತ್ತದೆ. ಎಲ್ಲಿದೆ, ಎಷ್ಟಿವೆ ಎಂಬುದು ಮಾತ್ರ ತಿಳಿಯುವುದಿಲ್ಲ. ಸಲೂನಿನವನು ಇದಕ್ಕೆ ‘ಮೂಸೋದು’ ಎಂದು ಹೆಸರಿಟ್ಟ, ಅದೇ ಉಳಿಯಿತು. ಮೂಸುವುದಕ್ಕೆ ನಮ್ಮಲ್ಲೊಂದು ಪದ್ಧತಿಯೂ ಬೆಳೆದಿತ್ತು. ಎಲ್ಲರೂ ಕಣ್ಣು ಮುಚ್ಚಬೇಕು. ತಂಗಿ ಒಂದೊಂದೇ ಜಾತಿಯ ಹೆಸರು ಹೇಳುತ್ತಾಳೆ. ಇದ್ದರೆ ನನ್ನ ಗಂಡ ಮೇಜಿನ ಅಡಿಯಿಂದ ಒಮ್ಮೆ ಕುಟ್ಟುತ್ತಾರೆ, ಇಲ್ಲದಿದ್ದರೆ ಸುಮ್ಮನಿರುತ್ತಾರೆ. ಸದ್ದು ಕೇಳಿದ್ದೇ ಅವಳು ಗಟ್ಟಿಯಾಗಿ ‘ಇದೆ’ ಎನ್ನಬೇಕು. ಮಿಕ್ಕ ಆಟದಲ್ಲಿ ಕಥೆ ಹೇಳುವವರು ಎಷ್ಟು ಮೋಸ ಮಾಡಿದರೂ ನಡೆಯುತ್ತದೆ, ಇದೊಂದರಲ್ಲಿ ಸುಳ್ಳಾಡುವಂತಿಲ್ಲ.

‘ಗಟ್ಟಿಯಾಗಿ’ ಎಂಬುದನ್ನು ಸೇರಿಸಿದವರು ನನ್ನ ಗಂಡ. ಅದಕ್ಕೆ ಕಾರಣವಿತ್ತು. ತಂಗಿ ತನ್ನ ಗಂಡನ ಮನೆಯಿಂದ ಓಡಿ ಬಂದಾಗ ಅವಳ ಕೈಯಲ್ಲಿ ಒಂದು ಚೀಲ, ಕತ್ತಿನ ಮೇಲೆ ಬೆರಳಿನ ಗುರುತುಗಳಿದ್ದವು. ಕೆಲವೇ ದಿನಗಳಲ್ಲಿ ಅವನು ಅಂಗಡಿಗೆ ಬಂದು, “ನನ್ನ ಹೆಂಡತಿ ಇಲ್ಲಿದ್ದಾಳಾ ಅತ್ತಿಗೆ?” ಎಂದು ಬಲು ಮರ್ಯಾದೆಯಿಂದ ಕೇಳಿದ. ನಾನು ಗಾಜು ಕೊಯ್ಯುತ್ತಿದ್ದ ಕೈ ನಿಲ್ಲಿಸದೆ, “ನನಗೇ ಅವಳ ಸುದ್ದಿಯಿಲ್ಲ, ಸಿಕ್ಕಿದ್ರೆ ನನಗೂ ಹೇಳು” ಎಂದೆ. ಅವನು ಗೋಡೆಗೊರಗಿಸಿದ್ದ ಗಾಜುಗಳನ್ನೆಲ್ಲ ಒಂದೊಂದಾಗಿ ನೋಡಿ ಹೊರಟುಹೋದ. ಅವನು ನಂಬಿದನೋ ಇಲ್ಲವೋ ಗೊತ್ತಿಲ್ಲ. ಗಾಜಿನ ಮೇಲೆ ನಾನೆಳೆದ ಗೆರೆ ಮಾತ್ರ ಸೊಟ್ಟಗಾಗಿ ಹಾಳೆ ಕೆಟ್ಟಿತ್ತು.

“ಅವನು ಹತ್ತಿರ ಬರಬಾರದು ಅನ್ನೋ ಕೋರ್ಟಿನ ಆದೇಶ ಕೈಗೆ ಬರೋ ತನಕ ಇವರು ಇಲ್ಲೇ ಇದ್ದಾರೆ ಅಂತ ಅವನಿಗೆ ಖಾತ್ರಿಯಾಗಬಾರದು” ಎಂದು ವಕೀಲರು ಹೇಳಿದ್ದರು. ಹಾಗಾಗಿ ತಂಗಿ ಹಿಂದಿನ ಕೋಣೆಯಲ್ಲೇ ಉಳಿದಳು. ಗಾಜಿನ ಅಂಚು ಉಜ್ಜುತ್ತಿದ್ದಳು, ಕಿಟಕಿಯ ಹತ್ತಿರ ಸುಳಿಯುತ್ತಿರಲಿಲ್ಲ, ನೀರು ಬೇಕಿದ್ದರೂ ಪಿಸುಮಾತಿನಲ್ಲಿ ಕೇಳುತ್ತಿದ್ದಳು. ಚಿಕ್ಕವಳಿದ್ದಾಗ ಇವಳ ಗಂಟಲಿಗೆ ಬೀದಿಯೇ ಎದ್ದು ಕೂರುತ್ತಿತ್ತು. ವಾರಕ್ಕೊಮ್ಮೆ ‘ಇದೆ’ ಎನ್ನುವಾಗ ಆ ಹಳೇ ದನಿ ಹೊರಬರುತ್ತಿತ್ತು. ಅದನ್ನು ಕೇಳುವುದಕ್ಕೆಂದೇ ನಾನು ಈ ಮಕ್ಕಳಾಟಕ್ಕೆ ಕೂರುತ್ತಿದ್ದೆ.

ಅವತ್ತು ಕಥೆಯಲ್ಲಿ ನಾವು ಪಾಳುಬಿದ್ದ ಕೋಟೆಯ ನೆಲಮಾಳಿಗೆಗೆ ಇಳಿದಿದ್ದೆವು. ಹೊರಗೆ ಬಿಸಿಲು, ಬೀದಿಯಲ್ಲಿ ಸದ್ದಿರಲಿಲ್ಲ. ಸಲೂನಿನವನು ಅಚ್ಚರಿಯೆಂಬಂತೆ ಇನ್ನೂ ಬದುಕಿದ್ದ.

“ಭಾವ, ಮೂಸ್ತೀನಿ” ಎಂದಳು ತಂಗಿ. ಎಲ್ಲರೂ ಕಣ್ಣು ಮುಚ್ಚಿದೆವು.

“ಪಿಶಾಚಿ.”

ಸದ್ದಿಲ್ಲ.

“ಡ್ರ್ಯಾಗನ್.”

ಸದ್ದಿಲ್ಲ.

“ಪ್ರೇತ.”

ಟಕ್.

“ಇದೆ!” ಎಂದಳು ಗಂಟಲು ಬಿಚ್ಚಿ.

“ಆಯ್ತು, ನನ್ನ ಕಥೆ ಮುಗೀತು” ಎಂದು ಸಲೂನಿನವನು ನಕ್ಕ. ನಾನೂ ನಗುತ್ತಲೇ ಕಣ್ಣು ತೆರೆದೆ. ನನ್ನ ಗಂಡನ ಎರಡೂ ಕೈಗಳು ಮೇಜಿನ ಮೇಲಿದ್ದವು. “ನಾನು ಕುಟ್ಟಿಲ್ಲ” ಎಂದರು, ತುಟಿ ಮಾತ್ರ ಅಲ್ಲಾಡಿಸಿ.

ತಂಗಿಯ ಬೆನ್ನ ಹಿಂದೆಯೇ ಓಣಿಗೆ ತೆರೆಯುವ ಮರದ ಬಾಗಿಲಿದೆ. ಅದರ ಮೇಲೆ ಮತ್ತೆ ಟಕ್ ಎಂದಿತು, ಮನೆಯವರೇ ಯಾರೋ ಬಂದಷ್ಟು ಮೆಲ್ಲಗೆ.

“ಇದ್ದೀಯೇನೇ?”

ಅವಳ ಗಂಡನ ದನಿ. ತಂಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಆಡಿದ ಮಾತನ್ನು ಒಳಗೆ ತುರುಕುವವಳ ಹಾಗೆ. ಅವನು ಅನುಮಾನದ ಮೇಲೆ ಬಂದು ಸುಮ್ಮನೆ ಬಾಗಿಲು ತಟ್ಟಿದ್ದ. ಉತ್ತರ ಬರದಿದ್ದರೆ ಹಾಗೇ ಹೋಗುತ್ತಿದ್ದನೋ ಏನೋ. ನಾವು ಕಣ್ಣು ಮುಚ್ಚಿಕೊಂಡು, ಅವನು ಕೇಳಿದ್ದಕ್ಕೆ ಅವಳ ಬಾಯಿಂದಲೇ ಉತ್ತರ ಕೊಡಿಸಿದ್ದೆವು.

“ನಿನ್ನ ದನಿ ಕೇಳ್ತು. ಬಾಗಿಲು ತೆಗಿ. ಏನೂ ಮಾಡಲ್ಲ.”

ಸಲೂನಿನವನು ಫೋನ್ ಹಿಡಿದು ಅಂಗಡಿಯ ಮುಂಭಾಗಕ್ಕೆ ಓಡಿ, ಪೊಲೀಸರಿಗೆ ವಿಳಾಸ ಹೇಳತೊಡಗಿದ. ನನ್ನ ಗಂಡ ಬಾಗಿಲಿಗೆ ಹೆಗಲು ಕೊಟ್ಟು ನಿಂತರು. ಮೊದಲ ಒದೆತಕ್ಕೆ ಗೋಡೆಗೊರಗಿದ್ದ ಗಾಜುಗಳೆಲ್ಲ ಝಲ್ಲೆಂದವು. ನಾನು ಕೈಗೆ ಸಿಕ್ಕಿದ ಕಟ್ಟರ್ ಹಿಡಿದು ತಂಗಿಯ ಮುಂದೆ ನಿಂತೆ. ಗಾಜಿಗೆ ಗೆರೆ ಎಳೆಯುವ ಆ ಕಡ್ಡಿಯಿಂದ ಮನುಷ್ಯನ ಉಗುರೂ ಕೊಯ್ಯಲಾಗದು ಎಂಬುದು ಆಮೇಲೆ ಹೊಳೆಯಿತು. ಎರಡನೇ ಒದೆತಕ್ಕೆ ಚಿಲಕದ ಒಂದು ಸ್ಕ್ರೂ ಕಿತ್ತು ನೆಲಕ್ಕೆ ಬಿತ್ತು. ತಂಗಿಯ ಹಲ್ಲು ಕಟಕಟಿಸುವುದು ನನ್ನ ಬೆನ್ನಿಗೆ ಕೇಳುತ್ತಿತ್ತು.

ಮೇಲಿನ ಮನೆಯ ಕಿಟಕಿ ತೆರೆದು ಯಾರೋ, “ಯಾರದು? ಏನು ಗಲಾಟೆ?” ಎಂದು ಗದರಿದರು. ಒದೆತ ನಿಂತಿತು.

“ಸರಿ” ಎಂದ ಅವನು, ಬಾಗಿಲಿಗೆ ಬಾಯಿ ಹಚ್ಚಿ. “ಈಗ ಗೊತ್ತಾಯ್ತಲ್ಲ.”

ಅವಸರವಿಲ್ಲದ ಹೆಜ್ಜೆಗಳು ದೂರವಾದವು.

ಪೊಲೀಸರು ಬಂದು ಓಣಿಯ ಎರಡೂ ತುದಿ ನೋಡಿ, “ಯಾರೂ ಇಲ್ಲ, ಚಿಲಕ ಭದ್ರ ಮಾಡ್ಕೊಳ್ಳಿ” ಎಂದು ಹೇಳಿ, ದೂರು ಬರೆದುಕೊಂಡು ಹೋದರು. ನನ್ನ ಗಂಡ ಚಿಲಕಕ್ಕೆ ಉದ್ದನೆಯ ಸ್ಕ್ರೂ ಹಾಕಿದರು. ಮೇಜಿನ ಮೇಲೆ ದಾಳಗಳು ಹಾಗೇ ಬಿದ್ದಿದ್ದವು.

“ಹೋದ ಬಿಡಮ್ಮ, ಇನ್ನು ಈ ಕಡೆ ತಲೆ ಹಾಕಲ್ಲ” ಎಂದ ಸಲೂನಿನವನು. ಆ ಮಾತನ್ನು ಅವನೇ ನಂಬಿದಂತಿರಲಿಲ್ಲ.

ತಂಗಿ ತನ್ನ ಜಾಗದಲ್ಲಿ ಕೂತು ಕಣ್ಣು ಮುಚ್ಚಿದಳು. “ಭಾವ, ಮೂಸ್ತೀನಿ. ಮನುಷ್ಯ.”

“ಅದು ನಿಯಮದಲ್ಲಿಲ್ಲ ಕಣಮ್ಮ. ರೇಂಜರ್‌ಗೆ ಮನುಷ್ಯರು ಗೊತ್ತಾಗಲ್ಲ.”

“ಗೊತ್ತು. ಆದ್ರೂ ಕೇಳ್ತಿದೀನಿ.”

ಸಲೂನಿನವನು ಕಣ್ಣು ಮುಚ್ಚಿದ. ನಾನು ಮುಚ್ಚಲಿಲ್ಲ. ಗಂಡನ ಕಡೆ ನೋಡಿ ಬೇಡ ಎಂದು ತಲೆಯಾಡಿಸಿದೆ. ಇವತ್ತೊಂದು ರಾತ್ರಿಯಾದರೂ ಅವಳು ನಿದ್ದೆ ಮಾಡಲಿ, ಸುಮ್ಮನಿದ್ದುಬಿಡಿ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಕೈ ಮೇಜಿನ ಅಡಿಗೆ ಹೋಗಿ ತುಂಬ ಹೊತ್ತು ಅಲ್ಲೇ ನಿಂತಿತು.

ಟಕ್.

ಆ ಕೈ ಮುರಿಯಬೇಕು ಎನ್ನಿಸಿತು ನನಗೆ. ತಂಗಿ ಕಣ್ಣು ತೆರೆದಳು. ಇನ್ನು ಅವಳಿಂದ ಪಿಸುಮಾತೂ ಹೊರಡುವುದಿಲ್ಲ ಎಂದುಕೊಂಡೆ.

“ಇದೆ” ಎಂದಳು. ಓಣಿಯ ತುದಿಯವರೆಗೂ ಕೇಳಿರಬೇಕು. ಕೇಳಲಿ ಎಂದೇ ಅಂದಳು.