ಬ್ರೇಕ್ ಆಯಿಲ್

ಕಾರಿನ ಎಣ್ಣೆ ಡಬ್ಬಿಯ ಮುಚ್ಚಳ ತಿರುಗಿಸಿ, ಬೆರಳದ್ದಿ ಮೂಸಿದಾಗಲೇ ಅವಳಿಗೆ ಗೊತ್ತಾಯಿತು. ಬ್ರೇಕ್ ಆಯಿಲ್ ಇರಬೇಕಾದ ಕಡೆ ಇಂಜಿನ್ ಆಯಿಲ್. ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. ಮುಖದಲ್ಲಿ ಏನನ್ನೂ ತೋರಿಸಿಕೊಳ್ಳಲಿಲ್ಲ. ಹನ್ನೊಂದು ವರ್ಷ ಕಾದವಳಿಗೆ ಇನ್ನೈದು ನಿಮಿಷ ಯಾವ ಲೆಕ್ಕ?

ಅಣ್ಣ ಅವಳ ಶೆಡ್ಡಿನ ಬಾಗಿಲಲ್ಲಿ, ಇಸ್ತ್ರಿ ಅಂಗಿಗೆ ಗ್ರೀಸು ತಾಗೀತೆಂದು ಮೈ ಮುದುಡಿಕೊಂಡು ನಿಂತಿದ್ದ. ಅಪ್ಪ ಕಟ್ಟಿದ ಗ್ಯಾರೇಜಿಗೆ ಈಗ ಅವನೇ ಯಜಮಾನ, ಆದರೆ ಅವನಿಗೆ ಸ್ಪ್ಯಾನರಿಗಿಂತ ಕುರ್ಚಿಯೇ ಹೆಚ್ಚು ಒಗ್ಗಿತ್ತು. ಭಾನುವಾರ ಹಳೇ ಕಾರುಗಳ ಮೆರವಣಿಗೆ. ವರ್ಷಗಟ್ಟಲೆ ಟಾರ್ಪಾಲಿನಡಿ ಮಲಗಿದ್ದ ಅಪ್ಪನ ಕಾರನ್ನು ಹೊಸದರಂತೆ ಮಾಡಿಸಿ, ಎಲ್ಲರ ಮುಂದೆ ತಾನೇ ಓಡಿಸುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಈಗ ನೋಡಿದರೆ ಬ್ರೇಕು ಹಿಡಿದದ್ದು ಬಿಡುತ್ತಿಲ್ಲ, ಚಕ್ರ ಕಾದು ಹೊಗೆಯಾಡುತ್ತಿದೆ. ಇಷ್ಟು ಹಳೆಯ ಬ್ರೇಕ್ ಡ್ರಮ್ಮಿಗೆ ಯಾರೂ ಕೈ ಹಾಕಲೊಪ್ಪದ ಮೇಲೆ ಗತಿಯಿಲ್ಲದೆ ತಂಗಿಯ ನೆನಪಾಗಿತ್ತು.

ಕಾರಿನ ಜೊತೆ ಅಪ್ಪನೂ ಬಂದಿದ್ದರು. ಸ್ಟೂಲಿನ ಮೇಲೆ ಕೂತು, ಮಡಚಲಾಗದ ಬಲಗಾಲನ್ನು ಮುಂದಕ್ಕೆ ಚಾಚಿದ್ದರು. ಹನ್ನೊಂದು ವರ್ಷದ ಹಿಂದೆ ಇದೇ ಕಾರು ಬ್ರೇಕು ಕೆಟ್ಟು ಗೋಡೆಗೆ ಗುದ್ದಿದಾಗ ಮುರಿದ ಕಾಲು ಅದು. ಬ್ರೇಕಿಗೆ ಯಾರೋ ತಪ್ಪು ಎಣ್ಣೆ ಹಾಕಿದ್ದರು. "ಹಾಕಿದ್ದು ಅವಳೇ" ಎಂದಿದ್ದ ಅಣ್ಣ. ಅಪ್ಪ ನಂಬಿದರು, ಅವತ್ತಿನಿಂದ ಗ್ಯಾರೇಜಿನ ಬಾಗಿಲು ಅವಳಿಗೆ ಮುಚ್ಚಿತು. ಯಾವ ಎಣ್ಣೆ, ಅದರಿಂದ ಏನಾಗುತ್ತದೆ ಎಂದು ಅಣ್ಣ ಕೇಳಲೂ ಇಲ್ಲ. ತಂಗಿಯ ತಲೆ ಮೇಲೆ ಗೂಬೆ ಕೂರಿಸಿದ್ದೇ ಅವನಿಗೆ ಸಾಕಾಗಿತ್ತು.

"ಅಣ್ಣ, ಎಣ್ಣೆ ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀಯ," ಎಂದಳು, ದನಿಗೆ ಬೆಣ್ಣೆ ಹಚ್ಚಿ. "ನೀನೇ ಹಾಕೋದಾ?"

"ಇನ್ಯಾರು ಹಾಕ್ತಾರೆ?" ಅವನು ಹಿಗ್ಗಿದ. "ಇಂಜಿನ್ನಿಗೆ ಹಾಕೋ ಒಳ್ಳೇ ಆಯಿಲನ್ನೇ ಇದಕ್ಕೂ ಹಾಕ್ತೀನಿ. ಅದರಲ್ಲೆಲ್ಲ ಜಿಪುಣತನ ಮಾಡಲ್ಲ."

"ಮುಂಚೆ? ಅಪ್ಪ ಓಡಿಸ್ತಿದ್ದಾಗ?"

"ಆಗಲೂ ಇದೇ. ಈ ಕಾರಿನ ಎಣ್ಣೆ ಡಬ್ಬಿ ಬೇರೆಯವರಿಗೆ ಮುಟ್ಟೋಕೇ ಬಿಟ್ಟಿಲ್ಲ ನಾನು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಚಕ್ರ ಬಿಚ್ಚಿ, ಡ್ರಮ್ಮು ಕಳಚಿ, ಒಳಗಿನ ರಬ್ಬರ್ ಕಪ್ಪನ್ನು ಕಿತ್ತು ಅಪ್ಪನ ಅಂಗೈಯಲ್ಲಿಟ್ಟಳು. ಅದು ನೆನೆಸಿದ ಕಾಳಿನಂತೆ ಊದಿಕೊಂಡಿತ್ತು. ಇಂಜಿನ್ ಆಯಿಲ್ ತಗುಲಿದರೆ ಬ್ರೇಕಿನ ರಬ್ಬರು ಹೀಗಾಗುತ್ತದೆಂದು ಅಪ್ಪ ಇಬ್ಬರು ಮಕ್ಕಳಿಗೂ ಕಲಿಸಿದ್ದರು. ಕಲಿತವಳು ಒಬ್ಬಳೇ.

"ಆಗಲೂ ಇದೇನಾ?" ಅಪ್ಪ ಮಗನನ್ನು ಕೇಳಿದರು.

"ಅದು... ಸರಿಯಾಗಿ ನೆನಪಿಲ್ಲಪ್ಪ."

"ಈಗ ತಾನೇ ನೆನಪಿತ್ತಲ್ಲೋ!"

ಆಮೇಲೆ ಅವರು ಮಗಳ ಕಡೆ ತಿರುಗಿದರು. "ನೀನಾದರೂ ಒಂದು ಮಾತು..."

"ಹೇಳಿದ್ದೆ. ಆಸ್ಪತ್ರೇಲಿ ಮೂರು ಸಲ ಹೇಳಿದ್ದೆ. ನೀವು ಗೋಡೆ ಕಡೆ ತಿರುಗಿಕೊಂಡ್ರಿ."

ಅಪ್ಪನ ಕಣ್ಣು ತುಂಬಿತು. ಅವಳಿಗೆ ಕನಿಕರವೇನೂ ಬರಲಿಲ್ಲ. ನಿಜ ಹೇಳಬೇಕೆಂದರೆ, ಹೊಟ್ಟೆ ತಣ್ಣಗಾಯಿತು.

"ರಬ್ಬರೆಲ್ಲ ಬದಲಾಯಿಸ್ಬೇಕು," ಎಂದಳು ಅಣ್ಣನಿಗೆ. "ಶನಿವಾರ ಬಾ. ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ ಪೆಡಲ್ ಒತ್ತೋಕೆ ಒಬ್ಬರು ಬೇಕು. ನೀನೇ ಬರ್ಬೇಕು, ಇಲ್ಲಾಂದ್ರೆ ಕಾರು ಇಲ್ಲೇ ಇರತ್ತೆ."

ಶನಿವಾರ ಅಣ್ಣ ಬಂದ, ಅಪ್ಪನೂ ಬಂದರು. ಅವಳು ಕಾರಿನಡಿ ಮಲಗಿ, ಚಕ್ರದ ಹಿಂದಿನ ಸಣ್ಣ ಸ್ಕ್ರೂಗೆ ಒಂದು ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಎಣ್ಣೆಯಿದ್ದ ಬಾಟಲಿಯೊಳಗೆ ಇಳಿಬಿಟ್ಟಳು. ಮೇಲಿನವನು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗಿನವಳು ಸ್ಕ್ರೂ ಸಡಿಲಿಸಿ ಬಿಗಿಯಬೇಕು, ಅವಳು ಹೇಳಿದ ಮೇಲೆಯೇ ಅವನು ಕಾಲೆತ್ತಬೇಕು. ಕೊಳವೆಯಲ್ಲಿ ಗುಳ್ಳೆ ಬರುವುದು ನಿಂತರೆ ಗಾಳಿ ಹೋಯಿತೆಂದು ಅರ್ಥ.

"ಒತ್ತು," ಎಂದಳು. "ಹಿಡ್ಕೋ. ಹಿಡ್ಕೋ ಅಂದೆ. ಹ್ಞಾ, ಬಿಡು."

ಮೂರು ಚಕ್ರ ಸಲೀಸಾಗಿ ಮುಗಿದವು. ನಾಲ್ಕನೆಯದರಲ್ಲಿ ಐದಾರು ಸಲಕ್ಕೇ ಗುಳ್ಳೆ ನಿಂತಿತು. ಅವಳು ನಿಲ್ಲಿಸಲಿಲ್ಲ. ಒತ್ತು, ಹಿಡ್ಕೋ, ಬಿಡು. ಇಸ್ತ್ರಿ ಅಂಗಿ ಬೆನ್ನಿಗಂಟಿತು. ಒತ್ತು. ಮೇಲೆ ಅವನ ಏದುಸಿರು ಕೇಳುತ್ತಿತ್ತು. ಅದು ಅವಳ ಕಿವಿಗೆ ಬಲು ಇಂಪಾಗಿತ್ತು. ಹಿಡ್ಕೋ. ಮಂಡಿ ನಡುಗಿ ಪೆಡಲು ಕಿರುಗುಟ್ಟತೊಡಗಿತು.

"ಅಪ್ಪ," ಅಣ್ಣ ಗೋಗರೆದ, "ನೀವಾದ್ರೂ ನೋಡಿ. ಇನ್ನೂ ಗಾಳಿ ಇದೆಯಾ?"

ಅಪ್ಪ ಕೋಲೂರಿ ಎದ್ದು, ಕುಂಟುತ್ತ ಚಕ್ರದ ಬಳಿ ಬಂದು ಬಗ್ಗಿದರು. ಕಾರಿನಡಿಯಿಂದ ಅವಳಿಗೆ ಅವರ ಮುಖ ಕಂಡಿತು. ಇಬ್ಬರ ನಡುವೆ ಬಾಟಲಿ. ಅದರೊಳಗೆ ತಿಳಿ ಎಣ್ಣೆ, ಒಂದು ಗುಳ್ಳೆಯೂ ಇಲ್ಲ. ಅಪ್ಪ ಅದನ್ನು ನೋಡಿದರು, ಮಗಳನ್ನು ನೋಡಿದರು.

"ಇದೆ," ಎಂದರು. "ಒತ್ತು."