ಹತ್ತಕ್ಕೆ ಒಂಬತ್ತು ಕೊಟ್ಟವರು

ವೈಜಿನಾಥಪ್ಪನವರು ಯಾವ ಬಾಗಿಲನ್ನೂ ತಟ್ಟುವವರಲ್ಲ, ಕೆಮ್ಮುವವರು. ಆ ಕೆಮ್ಮಿಗೂ ಕಫಕ್ಕೂ ಸಂಬಂಧವಿರಲಿಲ್ಲ. ಮಂಡಲ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತರಾಗಿದ್ದು, ಬಂದುಹೋದ ಸಾಹೇಬರುಗಳ ಕೆಮ್ಮನ್ನೆಲ್ಲ ಶ್ರದ್ಧೆಯಿಂದ ಅಭ್ಯಸಿಸಿ, ನಿವೃತ್ತಿಯ ಮರುದಿನವೇ ತಮ್ಮ ಸ್ವಂತಕ್ಕೆಂದು ಒಂದನ್ನು ರೂಢಿಸಿಕೊಂಡಿದ್ದರು: ಎರಡು ಗಿಡ್ಡ, ಒಂದು ಉದ್ದ. ತೆಲುಗು ಸೀಮೆಯ ಗಡಿಯಲ್ಲಿರುವ ಝರಾಸಂಗಮದ ಓಣಿಯಲ್ಲಿ ಅದು ಕೇಳಿತೆಂದರೆ ಗಂಡಸರು ಬೀಡಿ ಆರಿಸುತ್ತಿದ್ದರು, ಹೆಂಗಸರು ಚಹಾಕ್ಕೆ ನೀರಿಡುತ್ತಿದ್ದರು.

ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ಮೈಮೇಲೆ ಬೂದುಬಣ್ಣದ ಕೋಟು. ಅದರ ಒಳಜೇಬಿನಲ್ಲಿ ಕೆಂಪು ರಟ್ಟಿನ ಪುಸ್ತಕ. ನಡೆಯುವಾಗ ಎರಡೂ ಪಾದಗಳನ್ನು ಹೊರಕ್ಕೆ ಚಾಚಿ, ಯಾರದೋ ಹೊಲದ ಗಡಿ ಅಳೆಯುತ್ತಿರುವವರ ಗಾಂಭೀರ್ಯ. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಸುತ್ತಲಿನ ಸರ್ಕಾರಿ ವಸತಿಶಾಲೆಗಳನ್ನೆಲ್ಲ ಬಸ್ಸು ಹತ್ತಿ ಇಳಿದು ಸ್ವತಃ ನೋಡಿ, ಹೋಲಿಸಿ, ಹತ್ತಕ್ಕೆ ಇಷ್ಟೆಂದು ಅಂಕ ಹಾಕುವ ಕೆಲಸವನ್ನು ಅವರಿಗೆ ಯಾರೂ ವಹಿಸಿರಲಿಲ್ಲ. ಹಾಗಾಗಿ ಅದನ್ನು ಅವರಿಂದ ಕಸಿದುಕೊಳ್ಳುವ ಅಧಿಕಾರವೂ ಯಾರಿಗೂ ಇರಲಿಲ್ಲ. ಐದನೆಯ ತರಗತಿಯ ಪ್ರವೇಶಪರೀಕ್ಷೆಗೆ ಮಕ್ಕಳನ್ನು ಕೂರಿಸುವವರು ಯಾವ ಶಾಲೆ ಮೊದಲು, ಯಾವುದು ಎರಡನೆಯದು ಎಂದು ಅರ್ಜಿಯಲ್ಲಿ ಕ್ರಮವಾಗಿ ಬರೆಯಬೇಕಷ್ಟೆ. ಆ ಕ್ರಮ ವೈಜಿನಾಥಪ್ಪನವರ ಜಗುಲಿಯಲ್ಲಿ ನಿರ್ಣಯವಾಗುತ್ತಿತ್ತು.

ಕಳೆದ ವರ್ಷ ಅಲ್ಲಿಗೆ ಬಂಡಮ್ಮ ಬಂದಳು. ನಾಲ್ಕೆಕರೆಯಲ್ಲಿ ತೊಗರಿ ಬೆಳೆಯುವವಳು, ಗಂಡನಿಲ್ಲದವಳು, ಮಗಳು ಶಿವಲಕ್ಷ್ಮಿಯ ಓದಿನ ಮೇಲೆ ಜೀವವಿಟ್ಟವಳು. ಹುಡುಗಿಗೆ ಗಣಿತವೆಂದರೆ ಹುಚ್ಚು. ಹುಣಸೆಕಾಯಿ ಹಂಚುವಾಗಲೂ ಭಾಗಾಕಾರ ಮಾಡುವವಳು.

"ಕಾಕಾ, ಗಿರಣಿ ಸಾಲಿ ಮೊದಲು ಬರೀರಿ. ನಮ್ಮಕ್ಕನ ಪೋರಿ ಅಲ್ಲೇ ಕಲ್ತಾಳ, ಚೊಲೋ ಅದ ಅಂತಾಳ."

ಹಳೆಯ ಹತ್ತಿಗಿರಣಿಯ ಪಕ್ಕದಲ್ಲಿದ್ದುದರಿಂದ ಜನ ಅದನ್ನು ಗಿರಣಿ ಶಾಲೆ ಎನ್ನುತ್ತಿದ್ದರು. ವೈಜಿನಾಥಪ್ಪನವರು ಕಣ್ಣು ಮುಚ್ಚಿ ನಕ್ಕರು.

"ನಿಮ್ಮಕ್ಕನ ಪೋರಿ ಎಷ್ಟು ಸಾಲಿ ನೋಡ್ಯಾಳ? ನಾ ಹನ್ನೊಂದು ನೋಡೀನಿ. ಗಿರಣಿ ಸಾಲಿಗಿ ನಾಕು. ಕೆರಿದಂಡಿ ಸಾಲಿಗಿ ಒಂಬತ್ತು. ಇನ್ನೇನು ಬೇಕು?"

ಬಂಡಮ್ಮ ಇನ್ನೇನೂ ಬೇಕೆನ್ನಲಿಲ್ಲ. ಅರ್ಜಿಯಲ್ಲಿ ಕೆರೆದಂಡೆ ಶಾಲೆ ಮೊದಲಾಯಿತು. ಹುಡುಗಿಗೆ ಒಳ್ಳೆಯ ಅಂಕ ಬಂದು, ಸೀಟು ಅಲ್ಲಿಯೇ ಸಿಕ್ಕಿತು. ಓಣಿಯಲ್ಲಿ ಪೇಢೆ ಹಂಚಿದವಳು ಬಂಡಮ್ಮನಾದರೂ ಅಭಿನಂದನೆ ಸ್ವೀಕರಿಸಿದವರು ವೈಜಿನಾಥಪ್ಪನವರು.

ದಸರೆಯ ರಜೆಗೆ ಹುಡುಗಿ ಬಂದಾಗ ತಾಯಿ ಅವಳನ್ನು ಕರೆದುಕೊಂಡು ಜಗುಲಿಗೆ ಬಂದಳು. ದನಿಯಲ್ಲಿ ಜಗಳವಿರಲಿಲ್ಲ, ಇದ್ದಿದ್ದರೆ ಎದುರಿಸುವುದು ಸುಲಭವಾಗುತ್ತಿತ್ತು.

"ಕಾಕಾ, ಸಾಲಿ ಸುರು ಆದಾಗಿಂದ ಲೆಕ್ಕದ ಟೀಚರೇ ಇಲ್ಲಂತ್ರಿ. ಆ ಪೀರಿಯಡ್‌ನಾಗ ಪೋರಿಗೋಳಿಗಿ ಅಂಗಳ ಬಳಿಯಾಕ ಹಚ್ತಾರಂತ. ಪ್ರಿನ್ಸಿಪಾಲಗ ಕೇಳಬೇಕಂದ್ರ ನನಗ ಮಾತು ಬರಂಗಿಲ್ಲ. ನೀವು ಏನೇನು ನೋಡಿ ಒಂಬತ್ತು ಕೊಟ್ಟೀರಿ, ಅಷ್ಟು ಹೇಳ್ರಿ. ಅದನ್ನೇ ಹಿಡಕೊಂಡು ಕೇಳ್ತೀನಿ."

ದಾಖಲೆಯಿದ್ದವನಿಗೆ ಭಯವೇನು? ವೈಜಿನಾಥಪ್ಪನವರು ಕೆಂಪು ಪುಸ್ತಕವನ್ನು ತೆಗೆದು ಹುಡುಗಿಯ ಕೈಗೇ ಕೊಟ್ಟರು. "ಓದು ತಂಗಿ, ದೊಡ್ಡ ದನೀಲೆ ಓದು." ಕಚೇರಿಯ ರೂಢಿಯಂತೆ ತೆಲುಗಿನಲ್ಲಿ ಬರೆದದ್ದನ್ನು ಶಿವಲಕ್ಷ್ಮಿ ತಾಯಿಗಾಗಿ ಕನ್ನಡ ಮಾಡುತ್ತಾ ಓದಿದಳು.

"ಕೆರಿದಂಡಿ ಸಾಲಿ. ಗೇಟಿನ ತನಕ ಪ್ರಿನ್ಸಿಪಾಲರೇ ಬಂದರು. ಶಾಲು ಹೊದಿಸಿದರು. ಚಹಾ, ಗೋಡಂಬಿ ಬಿಸ್ಕೀಟು. 'ನಿಮ್ಮಂಥವರು ಬರ್ತಿರಬೇಕು' ಅಂದರು. ಹತ್ತಕ್ಕ ಒಂಬತ್ತು."

ಹುಡುಗಿ ಹಾಳೆ ತಿರುವಿ ನೋಡಿದಳು. ಹಿಂದೆ ಏನೂ ಇರಲಿಲ್ಲ. ಯಾರಾದರೂ ಹೇಳುವ ಮುನ್ನವೇ ಮುಂದಿನದನ್ನೂ ಓದಿದಳು.

"ಗಿರಣಿ ಸಾಲಿ. ಟೀಚರಮ್ಮ ವರಾಂಡದಾಗ ಪಾಠ ಮಾಡ್ತಿದ್ದಳು. ಐದು ನಿಮಿಷ ನಿಲ್ಲರಿ ಅಂತ ಕೈ ತೋರಿಸಿದಳು. ಇಪ್ಪತ್ತು ನಿಮಿಷ ಬಿಸಿಲಾಗ ನಿಲ್ಲಿಸಿದಳು. ಮೂರು ಸಲ ಕೆಮ್ಮಿದರೂ ಒಂದು ಹುಡುಗಿನೂ ತಿರುಗಿ ನೋಡಲಿಲ್ಲ. ಶಿಸ್ತು ಇಲ್ಲ. ಹತ್ತಕ್ಕ ನಾಕು."

ಹನ್ನೊಂದು ಶಾಲೆಗಳ ಹನ್ನೊಂದು ಪುಟಗಳಲ್ಲಿಯೂ ಇದ್ದವರು ತಾವೊಬ್ಬರೇ ಎಂಬುದು, ಇಷ್ಟು ದಿನ ತಮ್ಮ ಅಕ್ಷರವನ್ನು ತಾವೇ ಮೆಚ್ಚಿಕೊಂಡು ಓದಿದಾಗ ಅವರಿಗೆ ಕಂಡಿರಲಿಲ್ಲ; ಹತ್ತು ವರ್ಷದ ಮಗುವಿನ ಬಾಯಲ್ಲಿ ಕೇಳಿದಾಗ ಕಂಡಿತು. ಕೆಮ್ಮಿಗೆ ತಿರುಗದ ಆ ಮೂವತ್ತು ತಲೆಗಳು ಕರಿಹಲಗೆಯ ಮೇಲಿನ ಯಾವುದೋ ಭಿನ್ನರಾಶಿಯಲ್ಲಿ ಮುಳುಗಿದ್ದವೆಂಬುದೂ ಕಂಡಿತು.

ಬಂಡಮ್ಮ ಕೇಳಿದಳು: "ಒಳಗ ಹೋಗಿ ಪಾಠ ನೋಡಿದ್ರೇನು, ಕಾಕಾ?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಹುಡುಗಿ ಇನ್ನೂ ಪುಸ್ತಕ ಹಿಡಿದೇ ನಿಂತಿದ್ದಳು.

"ಇಲ್ಲವ್ವ. ಯಾವ ಸಾಲ್ಯಾಗನೂ ನೋಡಿಲ್ಲ."

"ನನ್ನ ಮನಿಗಿ ಬಂದಾಗೆಲ್ಲ ಚಹಾ ಕೊಟ್ಟೀನಲ್ರಿ," ಎಂದಳು ಬಂಡಮ್ಮ, ಮಗಳ ಕೈಯಿಂದ ಪುಸ್ತಕ ತೆಗೆದು ಜಗುಲಿಯ ಮೇಲಿಡುತ್ತಾ. "ನನಗೆಷ್ಟು ಕೊಟ್ಟಿದ್ರಿ?"

ಮರುದಿನ ಮೊದಲ ಬಸ್ಸಿಗೆ ಅವರು ಗಿರಣಿ ಶಾಲೆಗೆ ಹೋದರು. ಪಾಠ ಮುಗಿಯುವವರೆಗೆ ಕಾಯಲು ಸಿದ್ಧರಾಗಿಯೇ ಹೋದರು. ರಜೆಯೆಂಬುದು ಮರೆತಿತ್ತು. ವರಾಂಡದಲ್ಲಿ ಮಕ್ಕಳಿರಲಿಲ್ಲ, ಕಚೇರಿಯಲ್ಲಿ ಅದೇ ಟೀಚರಮ್ಮ ಒಬ್ಬಳೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಅವರ ಗುರುತು ಅವಳಿಗೆ ಸಿಗಲಿಲ್ಲ. ಶಿವಲಕ್ಷ್ಮಿಗೊಂದು ಸೀಟು ಸಿಕ್ಕೀತೇ ಎಂದು ವಿಚಾರಿಸಿದರು. "ಈ ವರ್ಷ ಒಂದು ಸೀಟೂ ಖಾಲಿ ಇಲ್ರಿ. ಆರನೇ ಕ್ಲಾಸಿಗಿ ಯಾರಾದ್ರೂ ಬಿಟ್ಟು ಹೋದ್ರ ನೋಡಮು. ಪೋರಿ ನಿಮಗೇನಾಗಬೇಕು?" ಎಂದು ಕೇಳಿದಳು.

ಇಂಥವರು ಕೆಟ್ಟವರಲ್ಲ, ನಮ್ಮ ಪ್ರತಿಯೊಂದು ಓಣಿಯಲ್ಲೂ ಒಬ್ಬರಿರುತ್ತಾರೆ, ಎಷ್ಟೋ ಸಲ ಆ ಒಬ್ಬರು ನಾವೇ ಆಗಿರುತ್ತೇವೆ. ಲೋಕವನ್ನು ನೋಡಿ ಬರುತ್ತೇವೆಂದು ಹೊರಟು, ಲೋಕ ತಮ್ಮನ್ನು ಹೇಗೆ ನೋಡಿತೆಂಬುದನ್ನಷ್ಟೇ ಬರೆದುಕೊಂಡು ಬರುವ ಸಜ್ಜನರು. ಒಂದು ದಿನ ಅವರಿಗೆ ನಾಚಿಕೆಯಾಗುತ್ತದೆ, ಪ್ರಾಮಾಣಿಕವಾಗಿಯೇ ಆಗುತ್ತದೆ. ಆದರೆ ಆ ನಾಚಿಕೆ ಹುಟ್ಟಿ ಬರುವುದಕ್ಕೆ ಹಿಡಿಯುವ ಒಂದು ವರ್ಷ ಮಾತ್ರ ಪ್ರತಿಸಲವೂ ಬೇರೆ ಯಾರದೋ ಮಗುವಿನದು.